‘ಈ ರೈಡ್ ಇಂದು ಇರುವುದಿಲ್ಲ’

ನಮ್ಮ ಮನೆಯ ಒಂದು ಬಾಗಿಲಿನ ಚೌಕಟ್ಟಿನ ಮೇಲೆ ಮಕ್ಕಳ ಎತ್ತರವನ್ನು ಗುರುತಿಸಿದ ಪೆನ್ಸಿಲ್ ಗೆರೆಗಳಿವೆ. ಅವುಗಳಲ್ಲಿ 120 ಸೆಂಟಿಮೀಟರಿನ ಗೆರೆಯ ಪಕ್ಕದಲ್ಲಿ ಮಾತ್ರ ಮಗಳು ಒಂದು ನಕ್ಷತ್ರವನ್ನು ಬಿಡಿಸಿಟ್ಟಿದ್ದಾಳೆ. ಅವಳು ಎರಡು ವರ್ಷಗಳಿಂದ ಕಾಯುತ್ತಿದ್ದ ರೋಲರ್ ಕೋಸ್ಟರನ್ನು ಹತ್ತಲು ಬೇಕಾಗಿದ್ದ ಎತ್ತರ ಅದು. ಆ ಗೆರೆಯನ್ನು ಮುಟ್ಟಿದ ವಾರದಲ್ಲಿಯೇ ನಾನು ದಿನಾಂಕವನ್ನು ಗೊತ್ತುಮಾಡಿ, ಟಿಕೆಟ್ ಕೊಂಡು, ಹೋಟೆಲಿನಲ್ಲಿ ಕೋಣೆಯನ್ನು ಕಾದಿರಿಸಿದೆ. ಹೋದ ದಿನ ಥೀಮ್ ಪಾರ್ಕಿನ ಬಾಗಿಲು ತೆರೆಯುವುದಕ್ಕೆ ಅರ್ಧ ಗಂಟೆ ಮೊದಲೇ ನಾವೆಲ್ಲರೂ ಅಲ್ಲಿದ್ದೆವು, ಮತ್ತು ಬಾಗಿಲು ತೆರೆದೊಡನೆ ಮಗಳು ಅಪ್ಪನ ಕೈಯನ್ನು ಹಿಡಿದೆಳೆಯುತ್ತಾ ನೇರವಾಗಿ ಆ ಕೋಸ್ಟರಿನ ಕಡೆಗೆ ನಡೆದಳು. ಅಲ್ಲಿ ಜನರ ಸಾಲೂ ಇರಲಿಲ್ಲ, ಹಳಿಯ ಸದ್ದೂ ಇರಲಿಲ್ಲ. ಸುತ್ತ ಹಲಗೆಯ ಬೇಲಿ ಇತ್ತು, ಬೇಲಿಗೆ ಒಂದೇ ಸಾಲಿನ ಫಲಕವನ್ನು ತೂಗುಹಾಕಲಾಗಿತ್ತು: ಈ ರೈಡ್ ಇಂದು ಇರುವುದಿಲ್ಲ.

ಅವಳು ಅಳಲಿಲ್ಲ. “ಅಮ್ಮ, ಇದು ನಿನಗೆ ಮೊದಲೇ ಗೊತ್ತಾಗುತ್ತಿರಲಿಲ್ಲವಾ?” ಎಂದಷ್ಟೇ ಕೇಳಿದಳು. ಗೊತ್ತಾಗುವುದಕ್ಕೆ ದಾರಿಯೇ ಇರಲಿಲ್ಲ ಎಂದು ನಾನು ಹೇಳಿದೆ, ಹೇಳುವಾಗ ಅದನ್ನೇ ನಂಬಿಯೂ ಇದ್ದೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಪಾರ್ಕಿನ ಜಾಲತಾಣವನ್ನು ತೆರೆದು ನೋಡಿದಾಗ, ಆ ಕೋಸ್ಟರನ್ನು ಐದು ವಾರಗಳ ಕಾಲ ದುರಸ್ತಿಗಾಗಿ ನಿಲ್ಲಿಸುವ ವಿಷಯವನ್ನು ಎರಡು ತಿಂಗಳ ಹಿಂದೆಯೇ ಅಲ್ಲಿ ಪ್ರಕಟಿಸಿದ್ದು ಕಣ್ಣಿಗೆ ಬಿತ್ತು. ಫಲಕದಲ್ಲಿ ‘ಇಂದು’ ಎಂದು ಬರೆದಿದ್ದರೂ ಅದು ಇಂದಿನ ಮಾತಾಗಿರಲಿಲ್ಲ. ಪಾರ್ಕು ತೆರೆಯುವ ಮತ್ತು ಮುಚ್ಚುವ ಹೊತ್ತನ್ನು, ವಾಹನ ನಿಲ್ಲಿಸುವ ಜಾಗವನ್ನು, ಲಾಕರುಗಳ ಅಳತೆಯನ್ನು ಕೂಡ ಓದಿಕೊಂಡು ಹೋಗಿದ್ದ ನಾನು ಆ ಒಂದು ಪುಟವನ್ನು ಮಾತ್ರ ತೆರೆದಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಹೇಳಿಕೊಳ್ಳೋಣವೆಂದರೆ, ತುತ್ತು ಕೈಗೇ ಬಂದಿರಲಿಲ್ಲ.

ಅದಾದ ಮೇಲೆ ನಾವು ಐದಾರು ಪಾರ್ಕುಗಳನ್ನು ನೋಡಿದ್ದೇವೆ, ಮತ್ತು ಪ್ರತಿ ಸಲವೂ ಯಾವುದಾದರೊಂದು ರೈಡ್ ಮುಚ್ಚಿಯೇ ಇತ್ತು. ಎಲ್ಲ ರೈಡುಗಳೂ ನಡೆಯುತ್ತಿರುವ ದಿನವನ್ನು ಹುಡುಕಿಕೊಂಡು ಹೋಗುವ ಆಸೆಯನ್ನು ಈಗ ಬಿಟ್ಟಿದ್ದೇನೆ, ಏಕೆಂದರೆ ದೊಡ್ಡ ಪಾರ್ಕುಗಳಲ್ಲಿ ಅಂಥ ದಿನ ತೀರ ಅಪರೂಪ. ಅದರ ಬದಲಿಗೆ ಹೊರಡುವ ಮೊದಲು ಮನೆಯ ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: ಯಾವ ಒಂದು ರೈಡ್ ಇಲ್ಲವೆಂದಾದರೆ ನಿಮಗೆ ಅಲ್ಲಿಗೆ ಹೋಗುವುದೇ ಬೇಡವೆನಿಸುತ್ತದೆ? ಎರಡು ಹೆಸರು ಹೇಳುವಂತಿಲ್ಲ. ಹೀಗೆ ಬಂದ ಐದು ಹೆಸರುಗಳ ಬಗ್ಗೆ ಮಾತ್ರ ನಾನು ತಲೆ ಕೆಡಿಸಿಕೊಳ್ಳುತ್ತೇನೆ. ಉಳಿದ ಮೂವತ್ತು ನಲವತ್ತು ರೈಡುಗಳಲ್ಲಿ ಯಾವುದು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಈ ಪ್ರಶ್ನೆಗೆ ಬಂದ ಉತ್ತರಗಳು ನನ್ನ ಊಹೆಗೆ ಒಮ್ಮೆಯೂ ಹೊಂದಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಪತಿಗೆ ಅತಿ ಎತ್ತರದ ಕೋಸ್ಟರ್ ಬೇಕಾಗಿರಬಹುದೆಂದು ನಾನು ತಿಳಿದಿದ್ದರೆ, ಅವರು ಪಾರ್ಕನ್ನು ಸುತ್ತಿಬರುವ ಉಗಿಬಂಡಿಯ ಹೆಸರು ಹೇಳಿದರು. ಅತ್ತೆಯವರು ಯಾವುದೂ ಬೇಡವೆನ್ನುತ್ತಾರೆಂದು ಭಾವಿಸಿದ್ದೆ. ಅವರು ಸ್ವಲ್ಪ ಸಂಕೋಚದಿಂದ, ದೋಣಿಯಲ್ಲಿ ಕುಳಿತು ಕತ್ತಲೆಯ ಗುಹೆಯೊಳಗೆ ಹೋಗುವ ರೈಡನ್ನು ಆರಿಸಿದರು. ಕಿರಿಯ ಮಗನಂತೂ ಹೆಸರೇ ಇಲ್ಲದಂಥ ಪುಟ್ಟ ವಿಮಾನಗಳ ಚಕ್ರವೊಂದನ್ನು ಹಿಡಿದು ಕುಳಿತ. ಕೇಳದೆ ಹೋಗಿದ್ದರೆ ನಾನು ದೊಡ್ಡ ಕೋಸ್ಟರುಗಳ ಮೇಲೆ ಮಾತ್ರ ಕಣ್ಣಿಟ್ಟು, ಆ ಪುಟ್ಟ ವಿಮಾನಗಳು ಬಣ್ಣ ಬಳಿಯುವುದಕ್ಕಾಗಿ ನಿಂತಿವೆಯೇ ಎಂಬುದನ್ನು ನೋಡುವ ಗೋಜಿಗೇ ಹೋಗುತ್ತಿರಲಿಲ್ಲ.

ಚಿಕ್ಕ ಮಕ್ಕಳ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಪಾರ್ಕಿನಲ್ಲಿ ನಲವತ್ತು ರೈಡುಗಳಿದ್ದರೂ ಎತ್ತರದ ಮಿತಿಯನ್ನು ದಾಟಲಾಗದ ಮಗುವಿಗೆ ಅವುಗಳಲ್ಲಿ ಹಲವು ಇದ್ದೂ ಇಲ್ಲದಂತೆ. ಮಗನಿಗೆ ಆಗ 105 ಸೆಂಟಿಮೀಟರ್ ಎತ್ತರ. ಸ್ಪೇಸ್ ಮೌಂಟನ್ ಎಂಬ ಒಂದೇ ಹೆಸರಿನ ಕೋಸ್ಟರಿಗೆ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ 102 ಸೆಂಟಿಮೀಟರ್ ಸಾಕು, ಫ್ಲೋರಿಡಾದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ 112 ಬೇಕು. ಒಂದು ಕಡೆ ಅವನು ಹತ್ತಬಹುದು, ಇನ್ನೊಂದು ಕಡೆ ಹೊರಗೇ ನಿಲ್ಲಬೇಕು. ಆದುದರಿಂದ ಮುಚ್ಚಿದ ರೈಡುಗಳ ಪಟ್ಟಿಯನ್ನು ಓದುವ ಮೊದಲು ನಾನು ಮನೆಯ ಒಬ್ಬೊಬ್ಬರಿಗೂ ಬೇರೆ ಬೇರೆ ಪಟ್ಟಿ ಮಾಡಿಕೊಳ್ಳುತ್ತೇನೆ. ಹನ್ನೆರಡು ರೈಡುಗಳಿಗೆ ಮಾತ್ರ ಅರ್ಹನಾದ ಮಗುವಿನ ಪಟ್ಟಿಯಿಂದ ಮೂರು ಹೋದರೆ ಅವನ ದಿನದ ಕಾಲು ಭಾಗವೇ ಹೋದಂತೆ. ಅದೇ ಮೂರು ರೈಡುಗಳು ಅಕ್ಕನ ಗಮನಕ್ಕೂ ಬರುವುದಿಲ್ಲ. ಮನೆಯವರೆಲ್ಲರಿಗೂ ಸೇರಿ ಒಂದೇ ಪಟ್ಟಿ ಮಾಡಿದರೆ ಈ ವ್ಯತ್ಯಾಸ ಕಾಣದೆ ಉಳಿಯುತ್ತದೆ.

ಇನ್ನು ದಿನಾಂಕದ ಮಾತು. ನಾವು ಜನಸಂದಣಿ ಕಡಿಮೆ ಇರುವ ವಾರಗಳನ್ನು ಹುಡುಕುವವರು. ಶಾಲೆಗಳು ನಡೆಯುತ್ತಿರುವಾಗ, ಹಬ್ಬಗಳ ರಜೆ ಮುಗಿದ ಮೇಲೆ ಹೋದರೆ ಸಾಲುಗಳು ಚಿಕ್ಕದಾಗಿರುತ್ತವೆಂಬ ಲೆಕ್ಕ ಎಲ್ಲರಿಗೂ ಗೊತ್ತಿರುವಂಥದ್ದೇ. ಆದರೆ ಆ ಲೆಕ್ಕವನ್ನು ಪಾರ್ಕಿನವರೂ ಬಲ್ಲರು. ಚಳಿಗಾಲದಲ್ಲಿ ಪೂರ್ತಿ ಬಾಗಿಲು ಹಾಕುವ ಅಮೆರಿಕದ ಸೀಡರ್ ಪಾಯಿಂಟಿನಂಥ ಪಾರ್ಕುಗಳು ತಮ್ಮ ದೊಡ್ಡ ರಿಪೇರಿಗಳನ್ನು ಆ ತಿಂಗಳುಗಳಲ್ಲಿ ಮುಗಿಸಿಕೊಳ್ಳುತ್ತವೆ: ಕೋಸ್ಟರಿನ ಗಾಡಿಗಳನ್ನು ಹಳಿಯಿಂದ ಇಳಿಸಿ, ಬಿಡಿಬಿಡಿಯಾಗಿ ಕಳಚಿ, ಕಣ್ಣಿಗೆ ಕಾಣದ ಬಿರುಕುಗಳೇನಾದರೂ ಲೋಹದಲ್ಲಿವೆಯೇ ಎಂದು ಕಾಂತೀಯ ಪುಡಿಯಿಂದಲೋ ಶ್ರವಣಾತೀತ ಧ್ವನಿಯಿಂದಲೋ ಪರೀಕ್ಷಿಸಿ, ಸವೆದ ಚಕ್ರಗಳನ್ನು ಬದಲಾಯಿಸಿ, ಮತ್ತೆ ಜೋಡಿಸುತ್ತಾರೆ. ವರ್ಷವಿಡೀ ನಡೆಯುವ ಪಾರ್ಕುಗಳಿಗೆ ಆ ಬಿಡುವು ಇಲ್ಲ. ಅಲ್ಲಿ ಅದೇ ಕೆಲಸವನ್ನು ಸರದಿಯ ಮೇಲೆ, ಒಂದು ರೈಡನ್ನು ನಿಲ್ಲಿಸಿ ಇನ್ನೊಂದನ್ನು ನಡೆಸುತ್ತಾ ಮಾಡಬೇಕಾಗುತ್ತದೆ, ಮತ್ತು ಅದಕ್ಕೆ ಅವರು ಆರಿಸಿಕೊಳ್ಳುವುದು ಜನ ಕಡಿಮೆ ಇರುವ ವಾರಗಳನ್ನೇ. ಹೊಸ ವರ್ಷದ ಗದ್ದಲ ಇಳಿದ ಜನವರಿಯಲ್ಲಿ ಅಂಥ ಪಾರ್ಕುಗಳಿಗೆ ಹೋದವರು ಚಿಕ್ಕ ಸಾಲುಗಳನ್ನೂ ಹಲಗೆಯ ಬೇಲಿಗಳನ್ನೂ ಒಟ್ಟಿಗೇ ಕಾಣುತ್ತಾರೆ.

ಹಾಗಾದರೆ ಯಾವುದನ್ನು ಆರಿಸಬೇಕು? ನನ್ನ ಅಭಿಪ್ರಾಯ ಸ್ಪಷ್ಟವಿದೆ: ನಮ್ಮ ಐದು ಹೆಸರುಗಳಲ್ಲಿ ನಾಲ್ಕಾದರೂ ತೆರೆದಿದ್ದರೆ ಜನ ಕಡಿಮೆ ಇರುವ ವಾರವೇ ಮೇಲು. ಐದು ನಿಮಿಷದಲ್ಲಿ ಹತ್ತಬಹುದಾದ ಹದಿನೈದು ರೈಡುಗಳ ದಿನವು ಒಂದೂವರೆ ಗಂಟೆ ಕಾದು ಹತ್ತುವ ಆರು ರೈಡುಗಳ ದಿನಕ್ಕಿಂತ ಮಕ್ಕಳಿಗೂ ಹಿರಿಯರಿಗೂ ಹಿತಕರ. ಐದರಲ್ಲಿ ಎರಡು ಮುಚ್ಚಿದ್ದರೆ ಮಾತ್ರ ನಾವು ದಿನಾಂಕವನ್ನು ಬದಲಿಸುತ್ತೇವೆ. ಒಂದೇ ಒಂದು ಮುಚ್ಚಿದ್ದು ಅದು ಮಗುವಿನದಾಗಿದ್ದರೆ ಏನು ಮಾಡಬೇಕೆಂಬುದಕ್ಕೆ ನನ್ನ ಬಳಿ ನಿಯಮವಿಲ್ಲ. ಎರಡು ಸಲ ಹಾಗಾದಾಗ ಒಂದು ಸಲ ಮುಂದೂಡಿದ್ದೇವೆ, ಒಂದು ಸಲ ಹೋಗಿದ್ದೇವೆ.

ಕೆಲವು ಮುಚ್ಚುವಿಕೆಗಳನ್ನು ಪಂಚಾಂಗ ನೋಡಿದಂತೆ ವರ್ಷ ಮೊದಲೇ ಹೇಳಬಹುದು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ 1969ರಿಂದ ಇರುವ ಹಾಂಟೆಡ್ ಮ್ಯಾನ್ಷನ್ ಎಂಬ ಭೂತಬಂಗಲೆಗೆ 2001ರಿಂದ ಹಬ್ಬದ ಋತುವಿನ ಅಲಂಕಾರ ಹಾಕುವ ವಾಡಿಕೆ ಬೆಳೆದಿದೆ. ಆ ಅಲಂಕಾರವನ್ನು ತೊಡಿಸಲು ಬೇಸಿಗೆಯ ಕೊನೆಗೆ ಒಮ್ಮೆ, ಕಳಚಲು ಜನವರಿಯಲ್ಲಿ ಇನ್ನೊಮ್ಮೆ ಅದನ್ನು ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಅದೇ ಪಾರ್ಕಿನ ಗೊಂಬೆಗಳ ದೋಣಿಯಾನ ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ಗೂ 1997ರಿಂದ ಇಂಥದೇ ಕ್ರಮವಿದೆ, ಅಲಂಕಾರ ತೊಡಿಸಲು ಅದನ್ನು ನಿಲ್ಲಿಸುವುದು ಮಾತ್ರ ಸಾಮಾನ್ಯವಾಗಿ ಅಕ್ಟೋಬರ್ ಸುಮಾರಿಗೆ. ಅತ್ತೆಯವರಂಥವರ ಒಂದೇ ಆಯ್ಕೆ ಇವುಗಳಲ್ಲೊಂದಾಗಿದ್ದರೆ ಆ ವಾರಗಳನ್ನು ತಪ್ಪಿಸುವುದಕ್ಕೆ ಯಾವ ಪ್ರಕಟಣೆಯನ್ನೂ ಕಾಯಬೇಕಾಗಿಲ್ಲ.

ಇನ್ನು ಕೆಲವು ಎಷ್ಟು ದೀರ್ಘವೆಂದರೆ, ಅವುಗಳಿಗಾಗಿ ಕಾಯುತ್ತಾ ಕುಳಿತರೆ ಮಗು ಬೆಳೆದು ಆಸೆಯೇ ಬದಲಾಗಿರುತ್ತದೆ. ಡಿಸ್ನಿಲ್ಯಾಂಡಿನ ಸ್ಪೇಸ್ ಮೌಂಟನ್ 2003ರ ಏಪ್ರಿಲ್‌ನಲ್ಲಿ ನಿಂತದ್ದು ಮತ್ತೆ ತೆರೆದದ್ದು 2005ರ ಜುಲೈನಲ್ಲಿ. ಟೋಕಿಯೊ ಡಿಸ್ನಿಲ್ಯಾಂಡಿನಲ್ಲಿ ಅದೇ ಹೆಸರಿನ ರೈಡ್ 2024ರ ಜುಲೈ ಕೊನೆಗೆ ನಿಂತಿತು, ಅದರ ಜಾಗದಲ್ಲಿ ಕಟ್ಟುವ ಹೊಸದಕ್ಕೆ 2027 ಎಂದು ಸಾರಿದ್ದರು. ಮ್ಯಾಜಿಕ್ ಕಿಂಗ್‌ಡಮ್‌ನ ಸ್ಪ್ಲ್ಯಾಷ್ ಮೌಂಟನ್ 2023ರ ಜನವರಿಯಲ್ಲಿ ಮುಚ್ಚಿ, 2024ರ ಜೂನ್‌ನಲ್ಲಿ ಟಿಯಾನಾಸ್ ಬೇಯೂ ಅಡ್ವೆಂಚರ್ ಎಂಬ ಬೇರೆಯದೇ ರೈಡಾಗಿ ತೆರೆಯಿತು. ಜರ್ಮನಿಯ ಯೂರೋಪಾ ಪಾರ್ಕಿನ ಕಡಲ್ಗಳ್ಳರ ದೋಣಿಯಾನವು 2018ರ ಮೇ ತಿಂಗಳಿನ ಬೆಂಕಿಯಲ್ಲಿ ಸುಟ್ಟುಹೋಗಿ, ಹೊಸದಾಗಿ ಕಟ್ಟಿಸಿಕೊಂಡು ಮರಳಿದ್ದು 2020ರ ಜುಲೈನಲ್ಲಿ. ಇಂಥವುಗಳ ಎದುರು ‘ಮುಂದಿನ ಸಲ ನೋಡೋಣ’ ಎಂದು ಮಗುವಿಗೆ ಹೇಳುವ ಮೊದಲು ಮುಂದಿನ ಸಲ ಎಂದರೆ ಯಾವಾಗ ಎಂಬುದನ್ನು ನಾವೇ ಒಮ್ಮೆ ಎಣಿಸಿಕೊಳ್ಳುವುದು ಒಳ್ಳೆಯದು.

ಎಣಿಕೆಗೂ ಸಿಗದ ಉದಾಹರಣೆಗಳಿವೆ. ನ್ಯೂಜೆರ್ಸಿಯ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ಪಾರ್ಕಿನಲ್ಲಿದ್ದ 139 ಮೀಟರ್ ಎತ್ತರದ ಕಿಂಗ್ಡಾ ಕಾ, 2005ರಲ್ಲಿ ಆರಂಭವಾದ ಕೋಸ್ಟರ್, ಶಾಶ್ವತವಾಗಿ ನಿಂತಿದೆ ಎಂಬ ಪ್ರಕಟಣೆ 2024ರ ನವೆಂಬರ್‌ನಲ್ಲಿ ಹೊರಬಿದ್ದಾಗ ಅದರ ಕೊನೆಯ ಓಟ ಆಗಲೇ ಮುಗಿದುಹೋಗಿತ್ತು. ಮರುವರ್ಷದ ಫೆಬ್ರುವರಿಯಲ್ಲಿ ಅದನ್ನು ಸ್ಫೋಟಿಸಿ ಕೆಡವಿದರು. ಹೊಸತು ಎಂಬ ಕಾರಣಕ್ಕೆ ನೆಚ್ಚಿಕೊಳ್ಳುವಂತೆಯೂ ಇಲ್ಲ. ಸೀಡರ್ ಪಾಯಿಂಟಿನಲ್ಲಿ 128 ಮೀಟರ್ ಎತ್ತರದ ಟಾಪ್ ಥ್ರಿಲ್ 2 ಎಂಬುದು 2024ರ ಮೇ ಆರಂಭದಲ್ಲಿ ತೆರೆದು, ಗಾಡಿಗಳಲ್ಲಿ ಮಾರ್ಪಾಡು ಬೇಕಾಗಿದೆಯೆಂದು ಕೆಲವೇ ದಿನಗಳಲ್ಲಿ ನಿಂತು, ಆ ಇಡೀ ಋತುವನ್ನು ಕಳೆದುಕೊಂಡು, ಮತ್ತೆ ಓಡಿದ್ದು 2025ರಲ್ಲಿ. ಇದರಿಂದ ನಾನು ಮಾಡಿಕೊಂಡ ತೀರ್ಮಾನವೆಂದರೆ, ತೆರೆದು ಒಂದು ವರ್ಷ ತುಂಬದ ರೈಡನ್ನು ಮನೆಯವರು ಯಾರಾದರೂ ತಮ್ಮ ಒಂದೇ ಹೆಸರಾಗಿ ಆರಿಸಿದರೆ, ಎರಡನೆಯ ಹೆಸರನ್ನೂ ಕೇಳಿಟ್ಟುಕೊಳ್ಳುವುದು. ನಿಯಮಕ್ಕೆ ಇರುವ ಒಂದೇ ವಿನಾಯಿತಿ ಅದು, ಮತ್ತು ಅದರ ಲಾಭವನ್ನು ಮಗಳು ತಪ್ಪದೆ ಪಡೆದುಕೊಳ್ಳುತ್ತಾಳೆ.

ಮಾಹಿತಿ ಎಲ್ಲಿ ಸಿಗುತ್ತದೆಂದರೆ, ಮೊದಲು ಪಾರ್ಕಿನ ಸ್ವಂತ ಜಾಲತಾಣದಲ್ಲಿ. ಟೋಕಿಯೊದ ಡಿಸ್ನಿ ಪಾರ್ಕುಗಳು, ನೆದರ್‌ಲೆಂಡ್ಸಿನ ಎಫ್ಟೆಲಿಂಗ್ ಮುಂತಾದವು ಯಾವ ರೈಡ್ ಯಾವ ದಿನದಿಂದ ಯಾವ ದಿನದವರೆಗೆ ಇರುವುದಿಲ್ಲವೆಂಬುದನ್ನು ಮುಂಚಿತವಾಗಿ ಪ್ರಕಟಿಸುತ್ತವೆ. ಇನ್ನು ಕೆಲವು ಪಾರ್ಕುಗಳಲ್ಲಿ ದಿನಸೂಚಿಯನ್ನು ತೆರೆದು ನಿಮ್ಮ ದಿನಾಂಕವನ್ನೇ ಒತ್ತಿದರೆ ಮಾತ್ರ ಆ ಸಾಲು ಕಾಣುತ್ತದೆ. ನಾನು ಮೋಸ ಹೋದದ್ದು ಇಲ್ಲಿಯೇ. ಆಯಾ ರೈಡಿನ ಪುಟದಲ್ಲಿ ಬಣ್ಣಬಣ್ಣದ ಚಿತ್ರಗಳೂ ಎತ್ತರದ ಮಿತಿಯೂ ಇದ್ದವು, ದುರಸ್ತಿಯ ಸುದ್ದಿ ಮಾತ್ರ ದಿನಸೂಚಿಯಲ್ಲಿತ್ತು. ಇದಲ್ಲದೆ ಕ್ಯೂ-ಟೈಮ್ಸ್‌ನಂಥ ತಾಣಗಳು ಅನೇಕ ಪಾರ್ಕುಗಳ ರೈಡುಗಳ ಕಾಯುವ ಹೊತ್ತನ್ನು ದಿನದಿನವೂ ದಾಖಲಿಸುತ್ತವೆ. ಹಿಂದಿನ ಎರಡು ವಾರಗಳ ದಾಖಲೆಯನ್ನು ನೋಡಿದರೆ ಯಾವ ರೈಡ್ ದಿನಕ್ಕೆ ಮೂರು ಸಲ ನಿಲ್ಲುವ ಸ್ವಭಾವದ್ದು, ಯಾವುದು ಗಟ್ಟಿಯಾಗಿ ನಡೆಯುತ್ತಿದೆ ಎಂಬುದು ತಿಳಿಯುತ್ತದೆ. ಪದೇಪದೇ ನಿಲ್ಲುವ ರೈಡನ್ನು ನಾವು ಬೆಳಿಗ್ಗೆ ಮೊದಲಿಗೇ ಇಟ್ಟುಕೊಳ್ಳುತ್ತೇವೆ, ಏಕೆಂದರೆ ಆಗ ಅದು ನಿಂತರೂ ಇಡೀ ದಿನ ನಮ್ಮ ಕೈಯಲ್ಲಿರುತ್ತದೆ.

ಹಣ ಕಟ್ಟುವ ಕ್ರಮವನ್ನೂ ಬದಲಾಯಿಸಿಕೊಂಡಿದ್ದೇನೆ. ಮೊದಲು ರದ್ದುಮಾಡಬಹುದಾದ ಕೋಣೆ, ಆಮೇಲೆ ನಮ್ಮ ವಾರದ ದುರಸ್ತಿಯ ಪಟ್ಟಿ ಪ್ರಕಟವಾಗುವವರೆಗೆ ಕಾಯುವುದು, ಕೊನೆಗೆ ಟಿಕೆಟ್. ರೈಡುಗಳು ಯಾವ ಸೂಚನೆಯೂ ಇಲ್ಲದೆ ನಿಲ್ಲಬಹುದು, ಅದಕ್ಕಾಗಿ ಹಣ ಮರಳಿಸುವುದಿಲ್ಲ ಎಂಬ ಸಾಲು ನಾನು ಈವರೆಗೆ ಕೊಂಡ ಪ್ರತಿ ಟಿಕೆಟಿನ ಷರತ್ತುಗಳಲ್ಲೂ ಇತ್ತು. ಟಿಕೆಟ್ ಕೊಂಡ ಮೇಲೆ ವಾದಿಸಿ ಪ್ರಯೋಜನವಿಲ್ಲ.

ಇಷ್ಟೆಲ್ಲ ಮಾಡಿಕೊಂಡು ಹೋದರೂ ಹೋದ ದಿನ ರೈಡುಗಳು ನಿಲ್ಲುತ್ತವೆ. ಅವು ನಿಲ್ಲುವ ಕಾರಣ ತಿಳಿದಿದ್ದರೆ ಸಿಟ್ಟು ಬಹಳ ಮಟ್ಟಿಗೆ ಕಡಿಮೆಯಾಗುತ್ತದೆಂಬುದು ನನ್ನ ಅನುಭವ, ಹಾಗಾಗಿ ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ರೋಲರ್ ಕೋಸ್ಟರಿನ ಹಳಿಯನ್ನು ಹಲವು ಭಾಗಗಳಾಗಿ ಎಣಿಸಿರುತ್ತಾರೆ, ಮತ್ತು ಒಂದು ಭಾಗದಲ್ಲಿ ಒಂದು ಹೊತ್ತಿಗೆ ಒಂದೇ ಗಾಡಿ ಇರಬೇಕೆಂಬುದು ಮೂಲ ನಿಯಮ. ಮುಂದಿನ ಭಾಗ ಖಾಲಿಯಾಗಿದೆ ಎಂದು ಸಂವೇದಕಗಳು ತಿಳಿಸುವವರೆಗೆ ಹಿಂದಿನ ಗಾಡಿಯನ್ನು ಬ್ರೇಕು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಸಂವೇದಕ ತಪ್ಪಾಗಿ ಓದಿದರೂ, ಗಾಡಿ ಎಣಿಸಿದ ಹೊತ್ತಿಗಿಂತ ಕ್ಷಣ ಮೊದಲೋ ಆಮೇಲೋ ಬಂದರೂ, ಒಂದು ಆಸನದ ಸರಳು ಭದ್ರವಾಗಿದೆಯೆಂಬ ಸಂಕೇತ ಬರದಿದ್ದರೂ ಗಣಕವು ಇಡೀ ರೈಡನ್ನು ನಿಲ್ಲಿಸಿಬಿಡುತ್ತದೆ, ಏಕೆಂದರೆ ಸಂಶಯ ಬಂದಾಗ ನಿಲ್ಲಬೇಕೆಂದೇ ಅದನ್ನು ಕಟ್ಟಿರುತ್ತಾರೆ. ಆಮೇಲೆ ತಂತ್ರಜ್ಞರು ಬಂದು ಕಾರಣವನ್ನು ಕಂಡುಕೊಂಡು, ಖಾಲಿ ಗಾಡಿಗಳನ್ನು ಓಡಿಸಿ ನೋಡಿ, ನಂತರವಷ್ಟೇ ಜನರನ್ನು ಹತ್ತಿಸಿಕೊಳ್ಳುತ್ತಾರೆ. ‘ಎಷ್ಟು ಹೊತ್ತಾಗುತ್ತದೆ?’ ಎಂದು ಬಾಗಿಲಲ್ಲಿ ನಿಂತ ಸಿಬ್ಬಂದಿಯನ್ನು ಕೇಳಿದರೆ ಅವರು ಹೇಳದಿರುವುದು ಅಸಡ್ಡೆಯಿಂದಲ್ಲ, ಅವರಿಗೂ ಆಗ ಅದು ತಿಳಿದಿರುವುದಿಲ್ಲ.

ಕೇಳಬೇಕಾದದ್ದಕ್ಕಿಂತ ನೋಡಬೇಕಾದದ್ದು ಹೆಚ್ಚು. ಹಳಿಯ ಮೇಲೆ ಖಾಲಿ ಗಾಡಿಗಳು ಒಂದರ ಹಿಂದೊಂದು ಸುತ್ತುತ್ತಿದ್ದರೆ ರೈಡ್ ಸದ್ಯದಲ್ಲೇ ತೆರೆಯುವ ಸಂಭವವಿದೆ. ಅಂಥ ಹೊತ್ತಿನಲ್ಲಿ ನಾವು ಹತ್ತಿರದ ಬೆಂಚಿನ ಮೇಲೆ ಕುಳಿತು ಕಾಯುತ್ತೇವೆ. ಗಾಡಿಯೊಂದು ಏರಿನ ನಡುವೆ ನಿಂತು, ಜನರನ್ನು ಪಕ್ಕದ ಮೆಟ್ಟಿಲುಗಳ ಮೇಲೆ ನಡೆಸಿಕೊಂಡು ಇಳಿಸುತ್ತಿದ್ದರೆ ಒಂದು ಕ್ಷಣವೂ ಅಲ್ಲಿ ನಿಲ್ಲುವುದಿಲ್ಲ. ಈಗಾಗಲೇ ಸಾಲಿನೊಳಗೆ ಇದ್ದಾಗ ನಿರ್ಧಾರ ಕಷ್ಟ, ಅದರಲ್ಲೂ ಮುಕ್ಕಾಲು ದಾರಿ ಸಾಗಿರುವಾಗ ಹೊರಗೆ ಬರಲು ಯಾರಿಗೂ ಮನಸ್ಸಾಗುವುದಿಲ್ಲ. ಒಮ್ಮೆ ನಾವು ಹೀಗೆ ಸಿಕ್ಕಿಕೊಂಡಾಗ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತಾಗಿ, ಮಗಳು ಉಳಿಯೋಣವೆಂದು, ಮಗ ಹೋಗೋಣವೆಂದು ಜಗಳವಾಡಿ, ಐವತ್ತು ನಿಮಿಷಗಳ ನಂತರ ಎಲ್ಲರನ್ನೂ ಹೊರಗೆ ಕಳುಹಿಸಿದರು. ಅಂದಿನಿಂದ ಇಪ್ಪತ್ತು ನಿಮಿಷವೆಂದು ಗಡುವು ಹಾಕಿಕೊಂಡಿದ್ದೇವೆ. ಅದು ವೈಜ್ಞಾನಿಕ ಅಂಕಿಯೇನಲ್ಲ. ಮಗ ಸಾಲಿನಲ್ಲಿ ಸುಮ್ಮನೆ ನಿಲ್ಲಬಲ್ಲ ಹೊತ್ತು ಅಷ್ಟೇ. ಸಿಬ್ಬಂದಿಯೇ ಸಾಲನ್ನು ಖಾಲಿಮಾಡಿಸಿದರೆ ಮತ್ತೆ ಬರಲು ಚೀಟಿಯನ್ನು ಕೊಡುತ್ತಾರೆಯೇ ಎಂದು ವಿನಯದಿಂದ ಕೇಳಿ ನೋಡಬೇಕು. ಎಲ್ಲ ಕಡೆ ಕೊಡುವುದಿಲ್ಲ, ಆದರೆ ಕೇಳಿದವರಿಗೆ ಮಾತ್ರ ಕೊಟ್ಟದ್ದನ್ನು ಕಂಡಿದ್ದೇನೆ.

ಒಂದು ರೈಡ್ ನಿಂತಾಗ ಅದರ ಜನ ಮಾಯವಾಗುವುದಿಲ್ಲವೆಂಬುದನ್ನೂ ಗಮನಿಸಬೇಕು. 24 ಜನರ ಗಾಡಿ 90 ಸೆಕೆಂಡಿಗೊಮ್ಮೆ ಹೊರಡುವ ಕೋಸ್ಟರ್ ಗಂಟೆಗೆ 960 ಜನರನ್ನು ಸಾಗಿಸುತ್ತದೆ. ಅದು ನಿಂತಿತೆಂದರೆ ಅಷ್ಟೂ ಜನ ಅಕ್ಕಪಕ್ಕದ ಸಾಲುಗಳಿಗೆ ಸುರಿಯುತ್ತಾರೆ. ಪೂರ್ತಿ ನಿಲ್ಲದೆ ಮೂರು ಗಾಡಿಗಳ ಬದಲು ಎರಡನ್ನೇ ಓಡಿಸಿದರೂ ಆ ಸಂಖ್ಯೆ ಸುಮಾರು 640ಕ್ಕೆ ಇಳಿದು, ಒಂದು ಗಂಟೆಯ ಸಾಲು ಒಂದೂವರೆ ಗಂಟೆಯದಾಗುತ್ತದೆ. ಹಾಗಾಗಿ ದೊಡ್ಡ ರೈಡ್ ನಿಂತ ಸುದ್ದಿ ಮೊಬೈಲಿನಲ್ಲಿ ಕಂಡೊಡನೆ ನಾವು ಅದರ ಸುತ್ತಮುತ್ತಲಿನ ಜಾಗವನ್ನು ಬಿಟ್ಟು ಪಾರ್ಕಿನ ಇನ್ನೊಂದು ತುದಿಗೆ ನಡೆಯುತ್ತೇವೆ.

ಹಣ ಕೊಟ್ಟು ಸಾಲನ್ನು ತಪ್ಪಿಸುವ ಪಾಸು ಕೊಂಡಿದ್ದರೆ, ರೈಡ್ ನಿಂತಾಗ ಅದು ಏನಾಗುತ್ತದೆಂದು ಕೊಳ್ಳುವ ಮೊದಲೇ ಓದಿಕೊಳ್ಳಬೇಕು. ಫ್ಲೋರಿಡಾದ ಡಿಸ್ನಿ ಪಾರ್ಕುಗಳಲ್ಲಿ 2024ರಿಂದ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಎಂದು ಕರೆಯುವ ವ್ಯವಸ್ಥೆಯಲ್ಲಿ, ನಿಮಗೆ ಗೊತ್ತುಮಾಡಿದ ಹೊತ್ತಿನಲ್ಲಿ ರೈಡ್ ನಿಂತಿದ್ದರೆ ಆ ಪಾಸನ್ನು ಬೇರೆ ಕೆಲವು ರೈಡುಗಳಿಗೂ ಸಲ್ಲುವಂತೆ ಬದಲಾಯಿಸಿಕೊಡುತ್ತಾರೆ. ಇಂಥ ಪಾಸನ್ನು ಕೂಡಲೇ ಖರ್ಚುಮಾಡದೆ, ಸಾಲು ಉದ್ದವಾಗುವ ಮಧ್ಯಾಹ್ನಕ್ಕೆ ಉಳಿಸಿಕೊಂಡರೆ ನಿಂತ ರೈಡಿನಿಂದ ಲಾಭವೂ ಆಗಬಹುದು. ಪತಿ ಇದನ್ನು ಬಡ್ಡಿ ಎಂದು ಕರೆಯುತ್ತಾರೆ.

ಹವಾಮಾನದ ಮುಚ್ಚುವಿಕೆಗೆ ಬೇರೆಯೇ ಲೆಕ್ಕ. ಗುಡುಗು ಸಿಡಿಲು ಹತ್ತಿರ ಬಂದರೆ ಬಯಲಿನ ರೈಡುಗಳೆಲ್ಲ ಒಮ್ಮೆಗೇ ನಿಲ್ಲುತ್ತವೆ. ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷವಾಗುವವರೆಗೆ ಬಯಲಿಗೆ ಬರಬಾರದೆಂಬುದು ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಸಲಹೆ, ಮತ್ತು ಆ ಮೂವತ್ತು ನಿಮಿಷ ಪ್ರತಿ ಹೊಸ ಗುಡುಗಿಗೂ ಮೊದಲಿನಿಂದ ಶುರುವಾಗುತ್ತದೆಂಬುದನ್ನು ನೆನಪಿಟ್ಟುಕೊಂಡರೆ ‘ಮಳೆ ನಿಂತಿತಲ್ಲ, ಇನ್ನೂ ಯಾಕೆ ತೆರೆದಿಲ್ಲ?’ ಎಂಬ ಪ್ರಶ್ನೆ ಏಳುವುದಿಲ್ಲ. ಎತ್ತರದ ಕೋಸ್ಟರುಗಳನ್ನು ಮಳೆಗಿಂತ ಗಾಳಿ ಹೆಚ್ಚಾಗಿ ನಿಲ್ಲಿಸುತ್ತದೆ. ವಿಪರೀತ ಚಳಿಯೂ ನಿಲ್ಲಿಸುತ್ತದೆ: ಚಕ್ರಗಳೂ ಅವುಗಳ ಎಣ್ಣೆಯೂ ತಣ್ಣಗಿದ್ದಾಗ ಗಾಡಿಯ ವೇಗ ಕುಗ್ಗಿ, ಅದು ಮುಂದಿನ ಏರನ್ನು ದಾಟದೆ ತಗ್ಗಿನಲ್ಲಿ ನಿಂತುಬಿಡುವ ಅಪಾಯವಿದೆ. ಫ್ಲೋರಿಡಾದಂಥ ಕಡೆ ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗುಮಳೆ ಸಾಮಾನ್ಯವಾದುದರಿಂದ ಬಯಲಿನ ರೈಡುಗಳನ್ನು ಬೆಳಿಗ್ಗೆಯೇ ಮುಗಿಸಿ, ಚಾವಣಿಯೊಳಗಿನ ರೈಡುಗಳನ್ನೂ ಪ್ರದರ್ಶನಗಳನ್ನೂ ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಮಳೆಗೆ ಬೇಸತ್ತು ಅನೇಕರು ಮನೆಗೆ ಹೊರಟುಬಿಡುತ್ತಾರೆ. ಒದ್ದೆ ಬಟ್ಟೆಯನ್ನು ಸಹಿಸಿಕೊಂಡು ಉಳಿದ ಒಂದು ಸಂಜೆ ನಾವು ಒಂದೇ ರೈಡನ್ನು ಸಾಲಿಲ್ಲದೆ ನಾಲ್ಕು ಸಲ ಹತ್ತಿದ್ದೇವೆ. ಅತ್ತೆಯವರ ಗುಹೆಯ ದೋಣಿ ಅದು, ನಾಲ್ಕು ಸಲವೂ ಅವರೇ ಮುಂದಿನ ಸಾಲಿನಲ್ಲಿ ಕುಳಿತಿದ್ದರು.

ಮಕ್ಕಳಿಗೆ ಹೇಳುವ ವಿಷಯದಲ್ಲಿ ನನ್ನಲ್ಲಿ ಆದ ಬದಲಾವಣೆ ಚಿಕ್ಕದು, ಆದರೆ ಅದೇ ಹೆಚ್ಚು ಕೆಲಸಕ್ಕೆ ಬಂದಿದೆ. ಯಾವ ರೈಡನ್ನೂ ನಾನು ಈಗ ‘ಹತ್ತಿಸುತ್ತೇನೆ’ ಎನ್ನುವುದಿಲ್ಲ, ‘ಅದನ್ನೇ ಮೊದಲು ಹುಡುಕಿಕೊಂಡು ಹೋಗೋಣ’ ಎನ್ನುತ್ತೇನೆ. ದುರಸ್ತಿಯ ಸುದ್ದಿ ಮೊದಲೇ ತಿಳಿದಿದ್ದರೆ ಅದನ್ನು ಮನೆಯಲ್ಲಿಯೇ, ಹೊರಡುವುದಕ್ಕೆ ವಾರಗಳ ಮೊದಲೇ ಹೇಳಿಬಿಡುತ್ತೇನೆ. ಮುಖ ಸಪ್ಪಗಾಗುತ್ತದೆ ನಿಜ, ಆದರೆ ಮನೆಯಲ್ಲಿ ಸಪ್ಪಗಾದ ಮುಖ ಹೊರಡುವ ಹೊತ್ತಿಗೆ ಅರಳಿರುತ್ತದೆ. ಪಾರ್ಕಿನ ಬಾಗಿಲಲ್ಲಿ ಸಪ್ಪಗಾದದ್ದು ರಾತ್ರಿಯವರೆಗೂ ಹಾಗೆಯೇ ಇರುತ್ತದೆ. ಬದಲಿ ಏನೆಂಬುದನ್ನು ನಾನು ಸೂಚಿಸುವುದಿಲ್ಲ, ಪಟ್ಟಿಯನ್ನು ಕೊಟ್ಟು ಅವರಿಗೇ ಬಿಡುತ್ತೇನೆ. ಒಂದು ಸಲ ಮಗ ತನ್ನ ವಿಮಾನಗಳ ಬದಲಿಗೆ ಪಾರ್ಕಿನ ಒಂದು ದಡದಿಂದ ಇನ್ನೊಂದು ದಡಕ್ಕೆ ಜನರನ್ನು ಸಾಗಿಸುವ ದೋಣಿಯನ್ನು ಆರಿಸಿಕೊಂಡ. ಅದು ರೈಡೇ ಅಲ್ಲ ಎಂದು ಅಕ್ಕ ವಾದಿಸಿದಳು. ಅವನು ಹಠ ಬಿಡಲಿಲ್ಲ, ನಾವು ಆ ದೋಣಿಯಲ್ಲಿ ಆರು ಸಲ ಆಚೀಚೆ ಹೋಗಿ ಬಂದೆವು.

ಮೊದಲ ಪ್ರಯಾಣದಲ್ಲಿ ಬೇಲಿಯ ಹಿಂದಿದ್ದ ಆ ಕೋಸ್ಟರನ್ನು ಮಗಳು ಹದಿನಾಲ್ಕು ತಿಂಗಳ ನಂತರ ಹತ್ತಿದಳು. ಅಂದೂ ಬೆಳಿಗ್ಗೆ ಅದು ನಿಂತಿತ್ತು. ನಾವು ಬೇರೆ ಕಡೆ ಸುತ್ತಾಡಿ, ಸಂಜೆ ಖಾಲಿ ಗಾಡಿಗಳು ಓಡುತ್ತಿರುವುದನ್ನು ದೂರದಿಂದಲೇ ಅವಳು ಗುರುತಿಸಿ, ಪಾರ್ಕು ಮುಚ್ಚುವುದಕ್ಕೆ ನಲವತ್ತು ನಿಮಿಷವಿರುವಾಗ ಸಾಲಿಗೆ ಸೇರಿದೆವು. ಮುಚ್ಚುವ ಹೊತ್ತಿನ ಮೊದಲು ಸಾಲಿನಲ್ಲಿ ನಿಂತವರನ್ನು ಅಲ್ಲಿ ಹತ್ತಿಸಿಯೇ ಕಳುಹಿಸುತ್ತಿದ್ದರು. ಇಳಿದು ಬಂದವಳು ಅದರ ಬಗ್ಗೆ ಹೆಚ್ಚೇನೂ ಹೇಳಲಿಲ್ಲ, ಎಡಗಡೆಯ ತಿರುವು ತಾನು ತಿಳಿದಿದ್ದಕ್ಕಿಂತ ಜೋರಾಗಿತ್ತು ಎಂದಳು ಅಷ್ಟೆ.

ಮುಂದಿನ ಪ್ರಯಾಣಕ್ಕೆ ಐದು ಹೆಸರುಗಳು ಈಗ ಅಡುಗೆಮನೆಯ ಗೋಡೆಯ ಮೇಲಿವೆ. ಅವುಗಳಲ್ಲಿ ಮೂರು ತೆರೆದಿರುತ್ತವೆಂದು ಗೊತ್ತಾಗಿದೆ, ಉಗಿಬಂಡಿ ಆ ತಿಂಗಳಿಡೀ ಇರುವುದಿಲ್ಲವೆಂದು ಪತಿಗೆ ಹೇಳಿಯಾಗಿದೆ; ಅವರು ಇನ್ನೂ ಬದಲಿಯನ್ನು ಆರಿಸಿಲ್ಲ. ಉಳಿದ ಒಂದು ಮಗನದು. ಪಾರ್ಕಿನ ದಿನಸೂಚಿ ನಮ್ಮ ವಾರಕ್ಕಿಂತ ಹತ್ತು ದಿನ ಈಚೆಗೇ ನಿಂತಿದೆ, ಮುಂದಿನ ಪುಟ ತಿಂಗಳ ಮೊದಲ ದಿನ ಬರುತ್ತದೆ. ಕೋಣೆಯನ್ನು ಕಾದಿರಿಸಿದ್ದೇನೆ, ಟಿಕೆಟನ್ನು ಕೊಂಡಿಲ್ಲ.